ಹೊರಗಿನ ಯುದ್ಧ, ಒಳಗಿನ ಉರುಳು
(ಬಳ್ಳಾರಿಯ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಸಿರುಗುಪ್ಪದ ಗದ್ದೆಯಿಂದ, ಕುರುಗೋಡಿನ ಕೇರಿಯಿಂದ ಬಂದು ಈ ಚಾಪೆ ಮೇಲೆ ಕೂತವರು ನಾವು. ಹೊರದೇಶದ ಯುದ್ಧಕ್ಕೂ ನಮಗೂ ಏನು ಸಂಬಂಧ ಅಂತೀರಿ. ಸಂಬಂಧ ಇದೆ.

1987ರಲ್ಲಿ ನಮ್ಮ ಸರ್ಕಾರ ಶ್ರೀಲಂಕಾಕ್ಕೆ ಸೈನ್ಯ ಕಳಿಸಿತು. ಹಿಂದೆ ತಾನೇ ತರಬೇತಿ ಕೊಟ್ಟಿದ್ದ ಹುಲಿಗಳ ಮೇಲೆ ಗುಂಡು ಹಾರಿಸಿತು. ನಮ್ಮ ಸುಮಾರು 1,200 ಸಿಪಾಯಿಗಳು ಸತ್ತರು. 1990ರಲ್ಲಿ ಸೈನ್ಯ ವಾಪಸು ಬಂತು. ಯುದ್ಧವೂ ಅದರ ಹಿಂದೆಯೇ ಬಂತು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಬಾಂಬು ಸಿಡಿಸಿ ರಾಜೀವ್ ಗಾಂಧಿಯವರನ್ನು ಕೊಂದರು. ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸಂಚುಕೋರರ ಹೆಣಗಳು ಸಿಕ್ಕವು.

ಕೊಂದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಟಾಡಾ ಅನ್ನೋ ಕಾನೂನಿನಲ್ಲಿ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ಸಾಕ್ಷಿ. 1998ರಲ್ಲಿ 26 ಜನಕ್ಕೂ ಗಲ್ಲು! 1999ರಲ್ಲಿ ಸುಪ್ರೀಂ ಕೋರ್ಟು ಈ ಕೇಸಿಗೆ ಟಾಡಾ ಹೊಂದೋದೇ ಇಲ್ಲ ಅಂತು, 19 ಜನರನ್ನು ಕೊಲೆಸಂಚಿನ ಆರೋಪದಿಂದ ಬಿಟ್ಟಿತು. ಠಾಣೆಯ ಲಾಠಿ ಮೊದಲು ಯಾರ ಬೆನ್ನು ಹುಡುಕುತ್ತದೆ ಅಂತ ನಮ್ಮ ಕೇರಿಗೆ ಗೊತ್ತು.

ಟಾಡಾ 1995ರಲ್ಲಿ ಸತ್ತಿತ್ತು. 2001ರಲ್ಲಿ ಅಮೆರಿಕದ ಗೋಪುರ ಬಿದ್ದ ಮೇಲೆ ಪೋಟಾ ಆಗಿ ಎದ್ದಿತು. ಪೋಟಾ 2004ರಲ್ಲಿ ಹೋಯಿತು. ಅದರ ಎಷ್ಟೋ ಕಲಮುಗಳು ಯುಎಪಿಎ ಒಳಗೆ ಹೊಕ್ಕು ಕೂತವು.

ಬಾಬಾಸಾಹೇಬರು 1951ರಲ್ಲಿ ಮಂತ್ರಿಗಿರಿ ಬಿಡುವಾಗಲೇ ಲೆಕ್ಕ ಕೊಟ್ಟಿದ್ದರು: 350 ಕೋಟಿ ವರಮಾನದಲ್ಲಿ 180 ಕೋಟಿ ಸೈನ್ಯಕ್ಕೇ. ಸ್ನೇಹಿತರನ್ನು ಉಳಿಸಿಕೊಳ್ಳದ ವಿದೇಶ ನೀತಿಯ ಫಲ ಇದು ಅಂದರು.

ಅದಕ್ಕೇ ಯುದ್ಧದ ಹಲಗೆ ಸದ್ದು ಕೇಳಿದಾಗ ಎದ್ದು ನಿಂತು ಕೇಳಿ: ಸಾಯೋರು ಯಾರು? ಹೊಸ ಕಾನೂನಿನಲ್ಲಿ ಏನು ಬರೆದೀರಿ? ಕೇಳೋದು ದೇಶದ್ರೋಹ ಅಲ್ಲ; ಸಂವಿಧಾನ ಕೊಟ್ಟ ಹಕ್ಕು.

ಜೈ ಭೀಮ್.