ಎರಡು ಚುಕ್ಕಿ ಇಟ್ಟು ಗೆರೆ ಎಳೆಯಬೇಡಿ!

(ಅಬ್ಬಿಗೇರಿಯಲ್ಲಿ ನಡೆದ ಯುವಜನರ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಬೆಂಗಳೂರು, ಹುಬ್ಬಳ್ಳಿಗಳಿಂದ ಬಸ್ಸು ಹತ್ತಿ ಈ ಎರಿ ಸೀಮೆಗೆ ಬಂದಿದ್ದೀರಿ. ಬಿಸಿಲು ಬಡಿದಿದೆ, ಧೂಳು ತಿಂದಿದ್ದೀರಿ. ಇಷ್ಟು ದೂರ ಕರೆಸಿ ಲೆಕ್ಕದ ಪಾಠ ಹೇಳ್ತಾನಲ್ಲ ಈ ಮನುಷ್ಯ ಎಂದು ಬೈಯಬೇಡಿ. ಘೋಷಣೆ ಕೂಗಲು ಗಂಟಲು ಸಾಕು. ಆದರೆ ದಿಲ್ಲಿಯ ಅಧಿಕಾರಿ ಕಾಗದ ಮುಂದಿಟ್ಟಾಗ ಗಂಟಲು ಉಪಯೋಗಕ್ಕೆ ಬರುವುದಿಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತವನು.

ಒಂದು ಸಭೆಯಲ್ಲಿ ನಾನು ಎದೆ ತಟ್ಟಿ ಹೇಳಿದ್ದೆ: "1971ರಲ್ಲಿ ದೇಶದ ಜನರಲ್ಲಿ ಕನ್ನಡಿಗರು ಶೇ. 3.96. 1981ರಲ್ಲಿ ಶೇ. 3.86. ಹತ್ತೇ ವರ್ಷದಲ್ಲಿ ಕನ್ನಡವನ್ನು ಕತ್ತು ಹಿಸುಕಿದ್ದಾರೆ!" ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಗುಮಾಸ್ತರೊಬ್ಬರು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು: "ಹೊಸೂರಿನ ಕನ್ನಡಿಗರು ಎಲ್ಲಿದ್ದಾರೆ ಸ್ವಾಮಿ, ನಿಮ್ಮ 1981ರಲ್ಲಿ?" ನನಗೆ ಉತ್ತರ ಗೊತ್ತಿರಲಿಲ್ಲ.

ಉತ್ತರ ಇದು. 1981ರ ಜನಗಣತಿಯ ತಮಿಳುನಾಡಿನ ಭಾಷಾ ದಾಖಲೆಗಳು ನೆರೆಯಲ್ಲಿ ಹಾಳಾದವು. ಆ ವರ್ಷದ ಪಟ್ಟಿಯಲ್ಲಿ ತಮಿಳಿಗೇ ಒಟ್ಟು ಸಂಖ್ಯೆ ಇಲ್ಲ, ಆ ಜಾಗ ಖಾಲಿ! ಹಾಗಿದ್ದ ಮೇಲೆ ತಮಿಳುನಾಡಿನಲ್ಲಿರುವ ಲಕ್ಷಾಂತರ ಕನ್ನಡಿಗರು ಲೆಕ್ಕಕ್ಕೆ ಸಿಗುವುದು ಎಲ್ಲಿಂದ? ಸಾಲದ್ದಕ್ಕೆ ಅಸ್ಸಾಮಿನಲ್ಲಿ ಆ ವರ್ಷ ಜನಗಣತಿಯೇ ನಡೆಯಲಿಲ್ಲ, 1991ರಲ್ಲಿ ಜಮ್ಮು-ಕಾಶ್ಮೀರದಲ್ಲಿ ನಡೆಯಲಿಲ್ಲ. ಮೇಲಿನ ಸಂಖ್ಯೆಯೂ ತೂತು, ಕೆಳಗಿನ ಸಂಖ್ಯೆಯೂ ತೂತು. ಆ ತೂತನ್ನು ಹಿಡಿದು ನಾನು ಪಿತೂರಿಯ ಕಥೆ ಕಟ್ಟಿದ್ದೆ.

ಇಡೀ ಸಾಲನ್ನು ನೋಡಿ. ಕನ್ನಡ ಮಾತೃಭಾಷೆಯವರು 1971ರಲ್ಲಿ 2 ಕೋಟಿ 17 ಲಕ್ಷ. 1981ರಲ್ಲಿ 2 ಕೋಟಿ 57 ಲಕ್ಷ. 1991ರಲ್ಲಿ 3 ಕೋಟಿ 27 ಲಕ್ಷ. 2001ರಲ್ಲಿ 3 ಕೋಟಿ 79 ಲಕ್ಷ. 2011ರಲ್ಲಿ 4 ಕೋಟಿ 37 ಲಕ್ಷ. ಇದರಲ್ಲಿ ನೀಲಗಿರಿಯ ಬಡಗ ಮಾತಿನವರನ್ನೂ ಸೇರಿಸಿಕೊಂಡಿದ್ದಾರೆ, ಇರಲಿ. ನಲವತ್ತು ವರ್ಷದಲ್ಲಿ ನಾವು ಎರಡು ಪಟ್ಟಾಗಿದ್ದೇವೆ. ದೇಶದಲ್ಲಿ ನಮ್ಮ ಪಾಲು ಮಾತ್ರ 1991ರಲ್ಲಿ ಶೇ. 3.91, 2001ರಲ್ಲಿ 3.69, 2011ರಲ್ಲಿ 3.61. ಕನ್ನಡ ಬೆಳೆದಿದೆ, ಕನ್ನಡದ ಪಾಲು ಇಳಿದಿದೆ. ಎರಡೂ ನಿಜ!

ಯಾಕೆ ಇಳಿಯಿತು? ಕನ್ನಡಿಗರು ಕನ್ನಡ ಬಿಟ್ಟರೇ? ರಾಜ್ಯದೊಳಗಿನ ಸಾಲು ಹಾಗೆ ಹೇಳುವುದಿಲ್ಲ. ಕರ್ನಾಟಕದ ಜನರಲ್ಲಿ ಕನ್ನಡ ಮಾತೃಭಾಷೆಯವರು 1991ರಲ್ಲೂ 2011ರಲ್ಲೂ ಶೇ. 66ರ ಆಸುಪಾಸಿನಲ್ಲೇ ಇದ್ದಾರೆ. ಕಾರಣ ಬೇರೆ ಕಡೆ ಇದೆ. 1991ರಿಂದ 2001ರವರೆಗೆ ದೇಶದ ಜನಸಂಖ್ಯೆ ಶೇ. 21.5 ಬೆಳೆದರೆ ಕರ್ನಾಟಕದ್ದು 17.5. ಮುಂದಿನ ದಶಕದಲ್ಲಿ ದೇಶ 17.7, ನಾವು 15.6. ನಮ್ಮ ತಾಯಂದಿರು ಎರಡು ಮಕ್ಕಳು ಸಾಕು ಎಂದರು. ಅದಕ್ಕೆ ಸಿಕ್ಕ ಬಹುಮಾನ ಏನು, ಆಮೇಲೆ ಹೇಳುತ್ತೇನೆ.

ಹಿಂದಿ 1971ರಲ್ಲಿ ಶೇ. 37ರ ಹತ್ತಿರ ಇದ್ದದ್ದು 2011ರಲ್ಲಿ 43.6ಕ್ಕೆ ಏರಿದೆ ಎಂದು ಬೀಗುತ್ತಾರೆ. ಆ ಗಂಟು ಬಿಚ್ಚಿ ನೋಡಿ. ಒಳಗೆ 5 ಕೋಟಿ ಭೋಜಪುರಿಗಳಿದ್ದಾರೆ, ಎರಡೂವರೆ ಕೋಟಿ ರಾಜಸ್ಥಾನಿಗಳಿದ್ದಾರೆ. ಅವರ ತಾಯಿನುಡಿಯನ್ನು ನುಂಗಿ ಕೊಬ್ಬಿದ ಸಂಖ್ಯೆ ಅದು. ಸರಣಿಯನ್ನು ಓದುವ ಮೊದಲು ಅದರ ಹೆಸರಿನ ಕೆಳಗೆ ಯಾರನ್ನು ಎಣಿಸಿದ್ದಾರೆ ಎಂದು ಕೇಳಬೇಕು.

ವರ್ಷದಿಂದ ವರ್ಷಕ್ಕೆ ಬರುವ ಇಂಥ ಅಂಕಿಗಳ ಸಾಲಿಗೆ ಕಾಲಸರಣಿ ಎನ್ನೋಣ. ಅದರಲ್ಲಿ ಮೂರು ಬಗೆಯ ಚಲನೆ ಬೆರೆತಿರುತ್ತದೆ. ದೀರ್ಘಕಾಲದ್ದು ಒಲವು. ವರ್ಷವರ್ಷ ಮರಳಿ ಬರುವುದು ಋತುಚಕ್ರ. ಉಳಿದದ್ದು ಗದ್ದಲ. ಇದನ್ನು ಅಬ್ಬಿಗೇರಿಯ ರೈತನಿಗೆ ಯಾರೂ ಕಲಿಸಬೇಕಿಲ್ಲ. ಮುಂಗಾರಿನ ಹೆಸರು ಕೊಯ್ಲಾಗಿ ಎಲ್ಲರ ಚೀಲವೂ ಒಟ್ಟಿಗೆ ಗದಗಿನ ಪೇಟೆಗೆ ಬಂದಾಗ ದರ ಬೀಳುತ್ತದೆ ಎಂದು ಅವನಿಗೆ ಗೊತ್ತು. ಅದಕ್ಕೇ ಅವನು ಈ ಭಾದ್ರಪದವನ್ನು ಹೋದ ಭಾದ್ರಪದಕ್ಕೆ ಹೋಲಿಸುತ್ತಾನೆ, ಹೋದ ಯುಗಾದಿಗಲ್ಲ. ಟಿವಿಯಲ್ಲಿ ಕೂತ ಪಂಡಿತರಿಗೇ ಇದು ತಿಳಿಯುವುದಿಲ್ಲ, ಹೋದ ತಿಂಗಳಿಗಿಂತ ದರ ಕುಸಿತ ಎಂದು ಬೊಬ್ಬೆ ಹೊಡೆಯುತ್ತಾರೆ.

ಇನ್ನೊಂದು ಗುಂಡಿ ಇದೆ. ಗದಗ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ಈ ಊರಿನ ಬೆಳೆ, ಸಾಲ, ಶಾಲೆ ಎಲ್ಲವೂ ಧಾರವಾಡ ಜಿಲ್ಲೆಯ ಲೆಕ್ಕದಲ್ಲಿ. 1956ಕ್ಕೆ ಮೊದಲು ಮುಂಬಯಿ ರಾಜ್ಯದ ಲೆಕ್ಕದಲ್ಲಿ. ಆಮೇಲೆ ರೋಣ ತಾಲೂಕನ್ನೇ ಒಡೆದು ಗಜೇಂದ್ರಗಡ ಮಾಡಿದರು. 1991ರ ಧಾರವಾಡಕ್ಕೂ 2001ರ ಧಾರವಾಡಕ್ಕೂ ಗೆರೆ ಎಳೆದರೆ ಜಿಲ್ಲೆಗೆ ಬರ ಬಡಿದಂತೆ ಕಾಣುತ್ತದೆ. ಬಡಿದದ್ದು ಬರವಲ್ಲ, ಸರ್ಕಾರದ ಕತ್ತರಿ!

ರಾಜಕೀಯಕ್ಕೆ ಬರೋಣ. ನಮ್ಮದೇ ಜಿಲ್ಲೆಯ ಶಿರಹಟ್ಟಿಯಲ್ಲಿ ಯಾವ ಪಕ್ಷ ಗೆಲ್ಲುತ್ತದೋ ಅದರದ್ದೇ ಸರ್ಕಾರ ಎಂಬ ಮಾತು ಬಹುಕಾಲ ನಡೆದು ಬಂತು. 2008ರಲ್ಲಿ ಸರಿಹೋಯಿತು, 2013ರಲ್ಲಿ ಸರಿಹೋಯಿತು. 2018ರಲ್ಲಿ ಅಲ್ಲಿ ಬಿಜೆಪಿ ಗೆದ್ದಿತು, ಸರ್ಕಾರ ಮೂರು ದಿನಕ್ಕೆ ಬಿತ್ತು, ಮರುವರ್ಷ ಮತ್ತೆ ಬಂತು. ನಂಬಿದವರು ಅದನ್ನೂ ಸರಿ ಎಂದೇ ಬರೆದುಕೊಂಡರು. 2023ರಲ್ಲಿ ಮತ್ತೆ ಬಿಜೆಪಿ ಗೆದ್ದಿತು, ಸರ್ಕಾರ ಕಾಂಗ್ರೆಸ್ಸಿನದಾಯಿತು. ಕಥೆ ಮುಗಿಯಿತು. 224 ಕ್ಷೇತ್ರ ಇರುವಾಗ ಯಾವುದೋ ಒಂದು ಹತ್ತು ಸಲ ತಾಳೆಯಾಗುವುದು ಪವಾಡವಲ್ಲ. ಇಂಗ್ಲೆಂಡಿನ ಯೂಲ್ ಎಂಬ ಲೆಕ್ಕಿಗ 1926ರಲ್ಲೇ ತೋರಿಸಿದ್ದ: ಚರ್ಚಿನಲ್ಲಿ ನಡೆದ ಮದುವೆಗಳ ಪ್ರಮಾಣಕ್ಕೂ ಸಾವಿನ ಪ್ರಮಾಣಕ್ಕೂ ಭಾರೀ ನಂಟು ಕಾಣುತ್ತದೆ, ಕಾರಣ ಇಷ್ಟೇ, ಎರಡೂ ವರ್ಷವರ್ಷ ಇಳಿಯುತ್ತಿದ್ದವು. ಎರಡು ಸಾಲು ಜೊತೆಯಲ್ಲಿ ಇಳಿದರೆ ಒಂದು ಇನ್ನೊಂದನ್ನು ಎಳೆಯಿತು ಎನ್ನಬೇಡಿ. ವರ್ಷದಿಂದ ವರ್ಷಕ್ಕೆ ಆದ ವ್ಯತ್ಯಾಸಗಳನ್ನು ತೆಗೆದು, ಅವು ತಾಳೆಯಾಗುತ್ತವೆಯೋ ನೋಡಿ.

ಇನ್ನು ಬಹುಮಾನದ ಮಾತು. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 11ನೇ ಹಣಕಾಸು ಆಯೋಗದಲ್ಲಿ ಶೇ. 4.930. 12ನೆಯದರಲ್ಲಿ 4.459. 13ನೆಯದರಲ್ಲಿ 4.328. 14ನೆಯದರಲ್ಲಿ 4.713. 2021ರಿಂದ 26ರ ಅವಧಿಗೆ 15ನೇ ಆಯೋಗ ಕೊಟ್ಟದ್ದು 3.647! ನಮ್ಮ ಕರಪತ್ರಗಳಲ್ಲಿ "ಪ್ರತಿ ಸಲವೂ ಕಡಿತ" ಎಂದು ಅಚ್ಚು ಹಾಕುತ್ತೇವೆ. ಸುಳ್ಳು. 14ರಲ್ಲಿ ಏರಿತ್ತು. ಒಂದು ಸುಳ್ಳಿಗೆ ಸಿಕ್ಕಿಬಿದ್ದರೆ ನಮ್ಮ ನಿಜವೂ ಕಸದ ಬುಟ್ಟಿಗೆ ಹೋಗುತ್ತದೆ. ನಿಜ ಸಾಕಷ್ಟು ಕಹಿಯಾಗಿಯೇ ಇದೆ, ಉಪ್ಪು ಸೇರಿಸಬೇಕಿಲ್ಲ.

ಹಂಚುವ ಪಾತ್ರೆಯ ಗಾತ್ರವೂ ಬದಲಾಗುತ್ತದೆ, ಅದನ್ನೂ ಪಕ್ಕದಲ್ಲಿ ಬರೆಯಿರಿ: 13ನೇ ಆಯೋಗದಲ್ಲಿ ಶೇ. 32, 14ರಲ್ಲಿ 42, 15ರಲ್ಲಿ 41. ಸೆಸ್ಸು, ಸರ್‌ಚಾರ್ಜುಗಳು ಈ ಪಾತ್ರೆಗೇ ಬೀಳುವುದಿಲ್ಲ, ದಿಲ್ಲಿಯ ಜೇಬಿಗೆ ಹೋಗುತ್ತವೆ. 14ನೇ ಆಯೋಗ 1971ರ ಜನಸಂಖ್ಯೆಗೆ 17.5 ಅಂಕ ಕೊಟ್ಟಿತ್ತು. 15ನೆಯದು ಅದನ್ನು ಕೈಬಿಟ್ಟು 2011ರ ಜನಸಂಖ್ಯೆ ಹಿಡಿಯಿತು. ಜನಸಂಖ್ಯೆ ಹತೋಟಿಗೆ 12.5 ಅಂಕ ಇಟ್ಟಿತು ನಿಜ, ಆದರೆ ತಲಾ ಆದಾಯದ ಅಂತರಕ್ಕೆ 45 ಅಂಕ. ಬೆಂಗಳೂರಿನ ಸಾಫ್ಟ್‌ವೇರ್ ಸಂಬಳ ಸೇರಿ ರಾಜ್ಯದ ಸರಾಸರಿ ಏರುತ್ತದೆ, ರೋಣದ ಒಣಬೇಸಾಯದವನೂ ದಿಲ್ಲಿಯ ಕಣ್ಣಿಗೆ ಶ್ರೀಮಂತ! ಬೆಂಗಳೂರಿನ ಹುಡುಗರೇ, ನಿಮ್ಮ ಸಂಬಳದ ಚೀಟಿಗೂ ಈ ಊರಿನ ರಸ್ತೆಗೂ ಇರುವ ನಂಟು ಇದು.

ಈಗ ಕೆಲಸ. 2021ರಲ್ಲಿ ಜನಗಣತಿ ನಡೆಯಲಿಲ್ಲ, 2027ಕ್ಕೆ ನಿಗದಿಯಾಯಿತು. ನಮ್ಮ ಭಾಷೆಯ ಸರಣಿಯಲ್ಲಿ ಹತ್ತು ವರ್ಷದ ಬದಲು ಹದಿನಾರು ವರ್ಷದ ಕಂದಕ ಬಿದ್ದಿದೆ. ಹದಿನಾರು ವರ್ಷದ ಬೆಳವಣಿಗೆಯನ್ನು ಹತ್ತು ವರ್ಷದ್ದರ ಪಕ್ಕ ಇಟ್ಟು ಯಾರಾದರೂ ಕುಣಿದಾರು, ನೀವು ಮೊದಲೇ ಎದ್ದು ನಿಲ್ಲಬೇಕು. ಮಧ್ಯಾಹ್ನದ ರೊಟ್ಟಿ ಊಟ ಆದ ಮೇಲೆ ಗ್ರಾಫ್ ಹಾಳೆ ಹಂಚುತ್ತೇವೆ. 1971ರಿಂದ ಐದೂ ಚುಕ್ಕಿ ಇಡಿ. 1981ರ ಚುಕ್ಕಿಗೆ ಸುತ್ತ ಒಂದು ಸೊನ್ನೆ ಹಾಕಿ, ಪಕ್ಕದಲ್ಲಿ ಹೊಸೂರು ಎಂದು ಬರೆಯಿರಿ.