ಪ್ರಸೂತಿ ಸೇವೆಯಲ್ಲಿ ನಿರಂತರ ಕಲಿಕೆ

(ಪಾಮನಕಲ್ಲೂರಿನಲ್ಲಿ ಶುಶ್ರೂಷಕಿಯರು, ಕ್ಷೇತ್ರ ಸಿಬ್ಬಂದಿ ಹಾಗೂ ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಹೆರಿಗೆಯು ರೋಗವಲ್ಲ; ಅದು ಪ್ರಕೃತಿಸಹಜವಾದ ಕ್ರಿಯೆ. ಬಹುಪಾಲು ತಾಯಂದಿರು ಯಾವ ತೊಂದರೆಯೂ ಇಲ್ಲದೆ ಹೆರುತ್ತಾರೆ. ಆದರೆ ಯಾವ ತಾಯಿಗೆ, ಯಾವ ಗಳಿಗೆಯಲ್ಲಿ ಅಪಾಯ ಒದಗುವುದೆಂದು ಮುಂಚಿತವಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಹೆರಿಗೆಯ ನಂತರದ ತೀವ್ರ ರಕ್ತಸ್ರಾವವು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಹುಟ್ಟಿದ ಕೂಸು ಉಸಿರಾಡದಿದ್ದರೆ ನಮಗಿರುವ ಕಾಲಾವಕಾಶ ಒಂದೇ ನಿಮಿಷ. ಆ ಸಮಯದಲ್ಲಿ ಪುಸ್ತಕ ತೆರೆದು ನೋಡಲಾಗದು. ಆದುದರಿಂದ ಪ್ರಸೂತಿ ಸೇವೆಯಲ್ಲಿರುವವರ ಕಲಿಕೆಯು ಪ್ರಮಾಣಪತ್ರ ಪಡೆದ ದಿನಕ್ಕೆ ಮುಗಿಯತಕ್ಕದ್ದಲ್ಲ.

ನಮ್ಮ ನಾಡಿನಲ್ಲಿ ಶತಮಾನಗಳ ಕಾಲ ಈ ಭಾರವನ್ನು ಹೊತ್ತವರು ಸೂಲಗಿತ್ತಿಯರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ತಮ್ಮ ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಸಾವಿರಾರು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದರು. ಇಂತಹವರ ಸಹನೆ, ಮೃದುವಾದ ಮಾತು, ಬೇನೆ ತಿನ್ನುವವಳ ಬಳಿಯೇ ಕುಳಿತಿರುವ ಗುಣ ಇಂದಿಗೂ ನಮಗೆ ಆದರ್ಶ. ಆದರೆ ಅನುಭವವೊಂದೇ ಸಾಲದೆಂಬುದನ್ನೂ ಚರಿತ್ರೆ ಹೇಳುತ್ತದೆ. ಹೊಕ್ಕುಳಿಗೆ ಬೂದಿ, ಸಗಣಿ ಹಚ್ಚುವ ರೂಢಿಯಿಂದ ಎಷ್ಟೋ ಹಸುಳೆಗಳು ಧನುರ್ವಾಯುವಿಗೆ ಬಲಿಯಾದವು. ಗರ್ಭಿಣಿಯರಿಗೆ ಚುಚ್ಚುಮದ್ದು, ಶುದ್ಧವಾದ ಕೈ, ಶುದ್ಧವಾದ ಬ್ಲೇಡು, ಶುದ್ಧವಾದ ದಾರ ಇವುಗಳ ಬಲದಿಂದ 2015ರಲ್ಲಿ ಭಾರತವು ತಾಯಿ ಹಾಗೂ ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿತೆಂದು ಘೋಷಿತವಾಯಿತು. ಹಳೆಯ ರೂಢಿಯನ್ನು ಬಿಟ್ಟು ಹೊಸದನ್ನು ಕಲಿತುದರ ಫಲವಿದು.

ವೈದ್ಯಶಾಸ್ತ್ರವೂ ತನ್ನ ರೂಢಿಗಳನ್ನು ಹೀಗೆಯೇ ಬಿಡುತ್ತಿರುತ್ತದೆ. ಮಗು ಹುಟ್ಟಿದೊಡನೆ ಹೊಕ್ಕುಳಬಳ್ಳಿಯನ್ನು ಕತ್ತರಿಸಬೇಕೆಂದು ಹಿಂದೆ ಕಲಿಸುತ್ತಿದ್ದರು. ಅಳುವ, ಆರೋಗ್ಯವಂತ ಮಗುವಿಗೆ ಒಂದರಿಂದ ಮೂರು ನಿಮಿಷ ಕಾಯ್ದು ಕತ್ತರಿಸಬೇಕೆಂಬುದು ಇಂದಿನ ಬೋಧನೆ. ಹೀಗೆ ಕಾಯುವುದರಿಂದ ತಾಯಿಯ ರಕ್ತ ಮಗುವಿಗೆ ಹರಿದು, ಮುಂದೆ ರಕ್ತಹೀನತೆ ಕಡಿಮೆಯಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ವಾಸ್ತವವಾಗಿ ಹರಿಯುವುದು ಮಾಸಿನಲ್ಲಿ ಉಳಿದಿರುವ ಮಗುವಿನದೇ ರಕ್ತ. ಚೊಚ್ಚಲು ಹೆರಿಗೆಯೆಂದರೆ ಕೊಯ್ದು ಹೊಲಿಗೆ ಹಾಕಲೇಬೇಕೆಂಬ ಪದ್ಧತಿಯೂ, ಹೊಟ್ಟೆಯನ್ನು ಮೇಲಿನಿಂದ ಒತ್ತಿ ಮಗುವನ್ನು ಇಳಿಸುವ ಪದ್ಧತಿಯೂ ಈಗ ಶಾಸ್ತ್ರಸಮ್ಮತವಲ್ಲ. ಹತ್ತು ವರ್ಷಗಳ ಹಿಂದೆ ಕಲಿತುದನ್ನೇ ನೆಚ್ಚಿಕೊಂಡಿರುವವರು ಎಷ್ಟು ನಿಷ್ಠೆಯಿಂದ ದುಡಿದರೂ ತಾಯಿಗೆ ಅನ್ಯಾಯವಾಗುವ ಸಂಭವವುಂಟು.

ಹೊಸ ಜ್ಞಾನವೆಲ್ಲ ದೂರದ ದೇಶಗಳಿಂದಲೇ ಬರುತ್ತದೆಂದು ಭಾವಿಸಬೇಡಿರಿ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಮಹತ್ವದ ಅಧ್ಯಯನ ನಡೆಸಿದರು. 1,620 ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆಯನ್ನೂ, ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ ನೀಡಲಾಯಿತು. ಹೆರಿಗೆಯ ನಂತರದ ರಕ್ತಸ್ರಾವವು ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ಮಾತ್ರೆ ಕೊಟ್ಟವರು, ಸ್ರವಿಸಿದ ರಕ್ತವನ್ನು ಅಳತೆಗೆರೆಗಳುಳ್ಳ ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದು ಅಳೆದವರು ದೊಡ್ಡ ತಜ್ಞರಲ್ಲ. ನಿಮ್ಮಂತೆಯೇ ಹಳ್ಳಿಗಳಲ್ಲಿ ದುಡಿಯುವ ಸಹಾಯಕ ಶುಶ್ರೂಷಕಿಯರು. ಈ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಕಣ್ಣಂದಾಜಿಗೆ ರಕ್ತದ ಪ್ರಮಾಣ ಕಡಿಮೆಯಾಗಿ ತೋರುತ್ತದೆ. ಅಳೆದರೆ ಮಾತ್ರ ನಿಜ ತಿಳಿಯುತ್ತದೆ. 2023ರಲ್ಲಿ ಪ್ರಕಟವಾದ, ಆಫ್ರಿಕಾದ ನಾಲ್ಕು ದೇಶಗಳ ಅಧ್ಯಯನವು ಇದನ್ನೇ ದೃಢಪಡಿಸಿತು: ರಕ್ತವನ್ನು ಅಳೆದು ಬೇಗನೆ ಗುರುತಿಸಿ, ಗರ್ಭಕೋಶವನ್ನು ನೀವುವುದು, ಔಷಧಗಳು, ಅಭಿಧಮನಿ ದ್ರವ, ಪರೀಕ್ಷೆ ಇವೆಲ್ಲವನ್ನೂ ಒಟ್ಟಿಗೆ ಆರಂಭಿಸಿದಲ್ಲಿ ತೀವ್ರ ತೊಡಕುಗಳು ಬಹಳ ಮಟ್ಟಿಗೆ ತಗ್ಗುತ್ತವೆ.

ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದಿದೆ. ರಾಯಚೂರು ಜಿಲ್ಲೆಯ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದನ್ನು ನೀವೆಲ್ಲ ಬಲ್ಲಿರಿ. ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿಯ ಶೀತದಲ್ಲಿ ಇರಿಸತಕ್ಕದ್ದು. ಹೆರಿಗೆ ಕೋಣೆಯ ಟ್ರೇಯಲ್ಲಿ ದಿನಗಟ್ಟಲೆ ಉಳಿದ ಔಷಧವು ನೋಡಲು ಮೊದಲಿನಂತೆಯೇ ಇದ್ದರೂ ಸತ್ವ ಕಳೆದುಕೊಂಡಿರುತ್ತದೆ. ಚುಚ್ಚಿದರೂ ರಕ್ತ ನಿಲ್ಲದು. ಔಷಧದ ಹೆಸರು ತಿಳಿದರೆ ಸಾಲದು, ಅದನ್ನು ಕಾಪಾಡುವ ಬಗೆಯೂ ತಿಳಿದಿರಬೇಕು.

ಇನ್ನೊಂದು ಕಷ್ಟವು ನಮ್ಮ ಯಶಸ್ಸಿನಿಂದಲೇ ಹುಟ್ಟಿದುದು. 2005ರಲ್ಲಿ ಜನನಿ ಸುರಕ್ಷಾ ಯೋಜನೆ, 2008ರಲ್ಲಿ 108 ವಾಹನ ಬಂದ ಮೇಲೆ ಹೆರಿಗೆಗಳು ದೊಡ್ಡ ಆಸ್ಪತ್ರೆಗಳತ್ತ ಸಾಗಿದವು. ಇದು ಒಳ್ಳೆಯದೇ. ಆದರೆ ಉಪಕೇಂದ್ರದ ಸೋದರಿಗೆ ತಿಂಗಳುಗಟ್ಟಲೆ ಒಂದು ಹೆರಿಗೆಯೂ ದೊರೆಯದೆ ಕೈಯ ಅಭ್ಯಾಸ ತಪ್ಪುತ್ತದೆ. ಗುಳೆ ಹೋದ ಕುಟುಂಬದ ಬಸುರಿ ತುಂಬಿದ ದಿನಗಳಲ್ಲಿ ಊರಿಗೆ ಮರಳುತ್ತಾಳೆ. ತಾಯಿ ಕಾರ್ಡಿನಲ್ಲಿ ಅರ್ಧ ಪುಟ ಖಾಲಿ. ಲಿಂಗಸುಗೂರನ್ನೋ ಸಿಂಧನೂರನ್ನೋ ಸೇರುವ ಮೊದಲೇ ಆಕೆಗೆ ಬೇನೆ ಬಲಿತರೆ ಹತ್ತಿರದಲ್ಲಿ ಇರುವವರು ನೀವೇ.

ಹಾಗಾದರೆ ಜ್ಞಾನವನ್ನೂ ಕೈಚಳಕವನ್ನೂ ಹರಿತವಾಗಿ ಇರಿಸಿಕೊಳ್ಳುವುದು ಹೇಗೆ? ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

1. ತಿಂಗಳ ಸಭೆಯಲ್ಲಿ ವರದಿ ಒಪ್ಪಿಸಿ ಹೊರಡುವುದಕ್ಕೆ ಮೊದಲು ಅರ್ಧ ಗಂಟೆ ಅಭ್ಯಾಸಕ್ಕೆ ಮೀಸಲಿಡಿರಿ. ಒಂದು ತಿಂಗಳು ಗೊಂಬೆಯ ಮೇಲೆ ಮಗುವಿಗೆ ಉಸಿರು ಕೊಡುವ ಚೀಲ ಹಾಗೂ ಮುಸುಕಿನ ಬಳಕೆ. ಮರುತಿಂಗಳು ರಕ್ತಸ್ರಾವದ ಅಣಕು ಪ್ರದರ್ಶನ. ಅನಂತರ ನಂಜೇರಿ ಸೆಳವು ಬಂದ ಗರ್ಭಿಣಿಗೆ ಮೆಗ್ನೀಷಿಯಂ ಸಲ್ಫೇಟಿನ ಮೊದಲ ವರಸೆ ಕೊಟ್ಟು ಕಳುಹಿಸುವ ಕ್ರಮ.

2. ಕುಶಲ ಪ್ರಸೂತಿ ತರಬೇತಿ ಪಡೆದು ವರ್ಷಗಳಾಗಿದ್ದವರು, ಹೆರಿಗೆ ಹೆಚ್ಚಾಗಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲವು ದಿನ ದುಡಿಯಲು ಅವಕಾಶ ಕೇಳಿ ಪಡೆಯಿರಿ.

3. ಬೇರೆಡೆಗೆ ಕಳುಹಿಸಿದ ಪ್ರತಿ ತಾಯಿಯ ಮುಂದಿನ ಸ್ಥಿತಿಯನ್ನು ವಿಚಾರಿಸಿ ಬರೆದಿಡಿರಿ. ನಾವು ಸರಿಯಾದ ಸಮಯಕ್ಕೆ ಕಳುಹಿಸಿದೆವೇ ಎಂಬುದಕ್ಕೆ ಉತ್ತರ ಅಲ್ಲಿರುತ್ತದೆ.

4. ತಾಯಿಯ ಮರಣ ಪರಿಶೀಲನೆ ನಡೆದಾಗ ಅದನ್ನು ತಪ್ಪು ಹೊರಿಸುವ ವಿಚಾರಣೆಯೆಂದು ಬಗೆಯದೆ, ಮತ್ತೊಬ್ಬಳನ್ನು ಉಳಿಸುವ ಪಾಠವೆಂದು ತಿಳಿಯಿರಿ. ಮೇಲಧಿಕಾರಿಗಳೂ ಹಾಗೆಯೇ ನಡೆಸತಕ್ಕದ್ದು. ಭಯವಿದ್ದಲ್ಲಿ ಸತ್ಯ ಹೊರಬಾರದು.

5. ಹೊಸ ಸುತ್ತೋಲೆ ಬಂದಾಗ ಸಹಿ ಹಾಕಿ ಕಡತಕ್ಕೆ ಸೇರಿಸದೆ ಒಬ್ಬರು ಓದಿ ಉಳಿದವರಿಗೆ ವಿವರಿಸಿರಿ. ಅರ್ಥವಾಗದುದನ್ನು ವೈದ್ಯರಲ್ಲಿ ಕೇಳಿರಿ. ಕೇಳುವುದು ಅವಮಾನವಲ್ಲ.

ಆಶಾ ಸೋದರಿಯರೇ, ಹಳ್ಳಿಯ ಹಿರಿಯ ಸೂಲಗಿತ್ತಿಯರನ್ನು ದೂರವಿಡಬೇಡಿರಿ. ಮನೆಯವರು ಅವರ ಮಾತನ್ನು ಕೇಳುತ್ತಾರೆ. ಮಗುವಿಗೆ ಮೊದಲ ಗಂಟೆಯಲ್ಲೇ ಎದೆಹಾಲು, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು, ಅಪಾಯದ ಚಿಹ್ನೆ ಕಂಡೊಡನೆ ಆಸ್ಪತ್ರೆ ಎಂಬೀ ವಿಚಾರಗಳನ್ನು ಅವರ ಬಾಯಿಂದಲೇ ಹೇಳಿಸಿರಿ.

ಹೆರಿಗೆಯ ನೋವಿನಲ್ಲಿರುವ ತಾಯಿ ನಿಮ್ಮ ಪ್ರಮಾಣಪತ್ರದ ವರ್ಷವನ್ನು ಕೇಳುವುದಿಲ್ಲ. ನಿಮ್ಮ ಕೈಯನ್ನು ನಂಬಿ ಹಿಡಿಯುತ್ತಾಳೆ. ಆ ನಂಬಿಕೆಗೆ ತಕ್ಕಂತೆ ನಮ್ಮ ಅಭ್ಯಾಸವಿರಲಿ. ಈ ತಿಂಗಳ ಸಭೆಯಿಂದಲೇ ಅದನ್ನು ಆರಂಭಿಸೋಣವೆಂದು ಕೋರಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.