ಎಲೆ ಹಂಚುವವನ ಇಚ್ಛೆ

ಧರ್ಮರಾಯನ ಜೂಜಿನ ಕಥೆ ಕೇಳದ ಕನ್ನಡಿಗರಿಲ್ಲ. ಅವನು ಸೋತದ್ದು ದಾಳ ಉರುಳಿದ ಮೇಲೆ ಎಂದು ತೋರುತ್ತದೆ. ಆದರೆ ಯಾವ ಆಟ, ಯಾರ ಸಭೆ, ದಾಳ ಯಾರ ಕೈಯಲ್ಲಿ ಎಂಬುದನ್ನೆಲ್ಲ ಎದುರಾಳಿಗಳು ಗೊತ್ತುಮಾಡಿದಾಗಲೇ ಅವನು ಅರ್ಧ ಸೋತಿದ್ದ. ಆಟವನ್ನು ಆರಿಸುವ ಅಧಿಕಾರ ಯಾರಿಗಿದೆಯೋ ಗೆಲುವು ಅವರ ಕಡೆಗೇ ವಾಲುತ್ತದೆ.

ಅಮೆರಿಕದ ಮನೆಗಳಲ್ಲಿ ವಾರಕ್ಕೊಮ್ಮೆ ಊಟದ ಮೇಜಿನ ಸುತ್ತ ಕುಳಿತು ಪೋಕರ್ ಆಡುವ ಗೆಳೆಯರು ಈ ತೊಡಕಿಗೆ ಒಂದು ಸರಳ ಪರಿಹಾರ ಕಂಡುಕೊಂಡರು. ಎಲೆ ಹಂಚುವ ಸರದಿ ಯಾರದೋ, ಆ ಸುತ್ತಿನಲ್ಲಿ ಯಾವ ಬಗೆಯ ಪೋಕರ್ ಆಡಬೇಕೆಂದು ಹೇಳುವ ಹಕ್ಕೂ ಅವರದೇ. ಇದಕ್ಕೆ ‘ಡೀಲರ್ಸ್ ಚಾಯ್ಸ್’, ಅಂದರೆ ಎಲೆ ಹಂಚುವವನ ಇಚ್ಛೆ ಎಂದು ಹೆಸರು. ಇಂದಿನ ಮಾತಿಗೆ ಈ ಪದ್ಧತಿಯೇ ವಿಷಯ.

ಪೋಕರ್ ಎಂಬುದು ಒಂದು ಆಟದ ಹೆಸರಲ್ಲ, ಒಂದು ಕುಟುಂಬದ ಹೆಸರು. 1829ರಲ್ಲಿ ಮಿಸಿಸಿಪಿಯ ಹಬೆದೋಣಿಯೊಂದರಲ್ಲಿ ಪ್ರಯಾಣ ಮಾಡಿದ ಇಂಗ್ಲಿಷ್ ನಟ ಜೋಸೆಫ್ ಕೋವೆಲ್ ತಾನು ಅಲ್ಲಿ ಕಂಡ ಆಟವನ್ನು 1844ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ವರ್ಣಿಸಿದ್ದಾನೆ. ಆ ಮೊದಲ ಪೋಕರ್‌ಗೆ ಬೇಕಾದದ್ದು ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಈ 20 ಎಲೆಗಳು ಮಾತ್ರ. ನಾಲ್ವರಿಗೆ ಐದೈದು ಹಂಚಿದರೆ ಕಟ್ಟು ಖಾಲಿ. ಬದಲಿಸಲು ಒಂದು ಎಲೆಯೂ ಉಳಿಯದು. ಮುಂದೆ 52 ಎಲೆಗಳ ಪೂರ್ತಿ ಕಟ್ಟು ಬಂದಿತು. ಹೆಚ್ಚು ಜನ ಕೂರುವಂತಾಯಿತು. ಉಳಿದ ಎಲೆಗಳಿಂದ ಬೇಡದ್ದನ್ನು ಬದಲಿಸಿಕೊಳ್ಳುವ ‘ಡ್ರಾ’ ಪೋಕರ್ ಸಾಧ್ಯವಾಯಿತು. ಕೆಲವು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡುವ ‘ಸ್ಟಡ್’ ಪೋಕರ್ ಅಮೆರಿಕದ ಅಂತರ್ಯುದ್ಧದ ಕಾಲದ ಹೊತ್ತಿಗೆ ಬಳಕೆಗೆ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟೆಕ್ಸಾಸ್‌ನಲ್ಲಿ ‘ಹೋಲ್ಡೆಮ್’ ಹುಟ್ಟಿತು. ರಾಬ್ಸ್‌ಟೌನ್ ಎಂಬ ಪುಟ್ಟ ಊರೇ ಅದರ ತವರೆಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ಮಾನ್ಯ ಮಾಡಿತು.

ಹೆಸರುಗಳು ಎಷ್ಟೇ ಇದ್ದರೂ ಈ ಬಗೆಗಳೆಲ್ಲ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು. ಯಾರಿಗೆ ಎಷ್ಟು ತಿಳಿದಿರಬೇಕು ಎಂಬುದೇ ಆ ಪ್ರಶ್ನೆ. ಡ್ರಾ ಆಟದಲ್ಲಿ ಎದುರಾಳಿಯ ಒಂದು ಎಲೆಯೂ ಕಾಣದು; ಅವನು ಎಷ್ಟು ಎಲೆ ಬದಲಿಸಿದ ಎಂಬುದಷ್ಟೇ ಸುಳಿವು. ಏಳೆಲೆಯ ಸ್ಟಡ್‌ನಲ್ಲಿ ಪ್ರತಿಯೊಬ್ಬರ ನಾಲ್ಕು ಎಲೆ ಬಹಿರಂಗ, ಮೂರು ಗುಟ್ಟು. ಹೋಲ್ಡೆಮ್‌ನಲ್ಲಿ ಕೈಯಲ್ಲಿ ಎರಡೇ ಎಲೆ; ನಡುವಿನ ಐದು ಎಲ್ಲರ ಸೊತ್ತು. ‘ಬ್ಲೈಂಡ್ ಮ್ಯಾನ್ಸ್ ಬ್ಲಫ್’ ಎಂಬ ತಮಾಷೆಯ ಆಟದಲ್ಲಂತೂ ಒಂದು ಎಲೆಯನ್ನು ನೋಡದೆ ಹಣೆಗೆ ಒತ್ತಿ ಹಿಡಿಯಬೇಕು. ತನ್ನದನ್ನು ಬಿಟ್ಟು ಉಳಿದವರದೆಲ್ಲ ಕಾಣುತ್ತದೆ. ತನ್ನ ತಪ್ಪು ತನಗೆ ಕಾಣದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು.

ಗೆಲುವಿನ ಅಳತೆಯನ್ನೇ ತಲೆಕೆಳಗು ಮಾಡುವ ಆಟಗಳೂ ಇವೆ. ‘ಲೋಬಾಲ್’ನಲ್ಲಿ ಅತಿ ಕೆಳಗಿನ ಎಲೆಗಳೇ ಗೆಲ್ಲುತ್ತವೆ. ‘ಹೈ-ಲೋ’ ಆಟದಲ್ಲಿ ಗಂಟಿನ ಅರ್ಧ ಮೇಲಿನ ಕೈಗೆ, ಇನ್ನರ್ಧ ಕೆಳಗಿನ ಕೈಗೆ. ಇಡೀ ಸಂಜೆ ದರಿದ್ರ ಎಲೆಗಳನ್ನೇ ಪಡೆದು ಮುಖ ಬಾಡಿದವನಿಗೆ ಎಲೆ ಹಂಚುವ ಸರದಿ ಬಂದಾಗ ಅವನು ಲೋಬಾಲ್ ಎಂದು ಕೂಗಿದರೆ ಅದಕ್ಕೆ ಅರ್ಥವಿದೆ. ಭಾರತದ ‘ತೀನ್ ಪತ್ತಿ’ಯಲ್ಲಿಯೂ ಇಂಥದೇ ‘ಮುಫ್ಲಿಸ್’ ಎಂಬ ಬಗೆಯುಂಟು. ಮುಫ್ಲಿಸ್ ಎಂದರೆ ದಿವಾಳಿ. ತೀನ್ ಪತ್ತಿ ಬ್ರಿಟಿಷರ ‘ಬ್ರ್ಯಾಗ್’ ಆಟದಿಂದ ಬಂದದ್ದು. ಅದೇ ಬ್ರ್ಯಾಗ್ ಪೋಕರ್‌ನ ಹಿರಿಯರಲ್ಲಿಯೂ ಒಂದು. ದೀಪಾವಳಿಯ ರಾತ್ರಿಯ ಮೂರೆಲೆಗೂ ಮಿಸಿಸಿಪಿಯ ಐದೆಲೆಗೂ ದೂರದ ನೆಂಟಸ್ತನವಿದೆ.

ಇನ್ನು ಜೋಕರ್‌ನ ಸಂಗತಿ. ಮನೆಯಾಟದ ವೈವಿಧ್ಯದಲ್ಲಿ ಅರ್ಧ ಪಾಲು ಬರುವುದು, ಯಾವ ಎಲೆಯಾದರೂ ಆಗಬಲ್ಲ ‘ವೈಲ್ಡ್’ ಎಲೆಗಳಿಂದ. ‘ಬೇಸ್‌ಬಾಲ್’ ಎಂಬ ಆಟದಲ್ಲಿ ಮೂರು ಮತ್ತು ಒಂಬತ್ತು ಇಂಥ ಎಲೆಗಳು. ತೆರೆದ ನಾಲ್ಕು ಬಂದವನಿಗೆ ಇನ್ನೊಂದು ಎಲೆ ಇನಾಮು. ಬೇಸ್‌ಬಾಲ್ ಮೈದಾನದ ಮೂರು ಸ್ಟ್ರೈಕ್, ಒಂಬತ್ತು ಇನ್ನಿಂಗ್ಸ್, ನಾಲ್ಕು ಬಾಲ್‌ಗಳ ಲೆಕ್ಕ ಮೇಜಿನ ಮೇಲೆ ಬಂದದ್ದು ಹೀಗೆ. ನುರಿತ ಆಟಗಾರರು ಇಂಥವನ್ನು ಮಕ್ಕಳಾಟವೆಂದು ಮೂಗು ಮುರಿಯುವುದುಂಟು. ಅವರ ಅಸಮಾಧಾನಕ್ಕೆ ಗಣಿತದ ಆಧಾರವೂ ಇದೆ.

ಪೋಕರ್‌ನಲ್ಲಿ ಯಾವ ಕೈ ಅಪರೂಪವೋ ಅದೇ ದೊಡ್ಡದು. 52 ಎಲೆಗಳಿಂದ ಐದೆಲೆಯ ಕೈಗಳನ್ನು 25,98,960 ಬಗೆಯಲ್ಲಿ ಪಡೆಯಬಹುದು. ಇವುಗಳಲ್ಲಿ ಎರಡು ಜೋಡಿ ಇರುವ ಕೈಗಳು 1,23,552. ಒಂದೇ ಅಂಕದ ಮೂರು ಎಲೆ ಇರುವ ಕೈಗಳು 54,912 ಮಾತ್ರ. ಆದ್ದರಿಂದ ಮೂರರ ಕೈ ಮೇಲು. ಈಗ ಒಂದು ಜೋಕರ್ ಸೇರಿಸಿದರೆ, ಒಂದು ಜೋಡಿಯ ಜೊತೆಗೆ ಜೋಕರ್ ಬಂದವರೆಲ್ಲ ಅದನ್ನು ಮೂರು ಎಂದೇ ಹೇಳುತ್ತಾರೆ. ಇಂಥ ಕೈಗಳು 82,368. ಮೂರರ ಕೈಗಳ ಸಂಖ್ಯೆ 1,37,280ಕ್ಕೆ ಏರಿ, ಎರಡು ಜೋಡಿಯೇ ಅಪರೂಪವಾಗುತ್ತದೆ. ಹಾಗಾದರೆ ಕ್ರಮ ಬದಲಿಸಿ ಎರಡು ಜೋಡಿಯನ್ನು ಮೇಲಕ್ಕೇರಿಸೋಣವೆಂದರೆ, ಜೋಕರ್ ಹಿಡಿದ ಅದೇ ಜನ ತಮ್ಮದು ಎರಡು ಜೋಡಿ ಎನ್ನುತ್ತಾರೆ. ಆಗ ಎರಡು ಜೋಡಿ 2,05,920 ಆಗಿ, ಮೂರರ ಕೈ ಮತ್ತೆ 54,912ಕ್ಕೆ ಇಳಿಯುತ್ತದೆ. ಯಾವ ಕ್ರಮ ಹಾಕಿದರೂ ನ್ಯಾಯವಿಲ್ಲ. ಈ ವಿರೋಧಾಭಾಸವನ್ನು ಜಾನ್ ಎಮರ್ಟ್ ಮತ್ತು ಡೇಲ್ ಉಂಬಾಕ್ ಎಂಬ ಗಣಿತಜ್ಞರು 1996ರಲ್ಲಿ ಲೇಖನವಾಗಿ ಪ್ರಕಟಿಸಿದರು. ನ್ಯಾಯವಿಲ್ಲವೆಂದು ಮನೆಯ ಆಟ ನಿಲ್ಲಲಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಗೆಳೆಯರಿಗೆ ಅಷ್ಟು ಸಾಕು.

ವಾರದ ಪೋಕರ್ ರಾತ್ರಿ ಅಮೆರಿಕದ ಬದುಕಿನಲ್ಲಿ ಎಷ್ಟು ಬೇರೂರಿತ್ತೆಂಬುದಕ್ಕೆ ಸಾಕ್ಷಿಗಳು ಬಹಳ. ಟೆನೆಸ್ಸೀ ವಿಲಿಯಮ್ಸ್‌ನ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ (1947) ನಾಟಕಕ್ಕೆ ಅವನು ಬರೆಯುತ್ತಿದ್ದಾಗ ಇಟ್ಟಿದ್ದ ಹೆಸರೇ ‘ದಿ ಪೋಕರ್ ನೈಟ್’. ಮುಂದಿನ ಆಟ ಯಾವುದೆಂಬ ಘೋಷಣೆಯೊಂದಿಗೇ ಆ ನಾಟಕ ಮುಗಿಯುತ್ತದೆ. ನೀಲ್ ಸೈಮನ್‌ನ ‘ದಿ ಆಡ್ ಕಪಲ್’ (1965) ತೆರೆಯೇಳುವುದು ಪೋಕರ್ ಮೇಜಿನ ಮೇಲೆ. ಅಧ್ಯಕ್ಷ ಹ್ಯಾರಿ ಟ್ರೂಮನ್ 1945ರಲ್ಲಿ ಪಾಟ್ಸ್‌ಡ್ಯಾಮ್ ಸಮ್ಮೇಳನದಿಂದ ಮರಳುವ ಹಡಗಿನಲ್ಲಿ ಪತ್ರಕರ್ತರೊಂದಿಗೆ ಪೋಕರ್ ಆಡಿದರು. 1946ರಲ್ಲಿ ಚರ್ಚಿಲ್ ಜೊತೆ ಫುಲ್ಟನ್‌ಗೆ ಹೋಗುವ ರೈಲಿನಲ್ಲಿಯೂ ಆಡಿದರು. ಹೊಣೆ ತನ್ನಲ್ಲಿಗೇ ಕೊನೆ ಎಂಬ ಅರ್ಥದ ಅವರ ಮೇಜಿನ ಫಲಕ ಪ್ರಸಿದ್ಧವಾದದ್ದು. ಅದರಲ್ಲಿದ್ದ ‘ಬಕ್’ ಎಂಬ ಪದ ಬಂದದ್ದೂ ಎಲೆ ಹಂಚುವ ಸರದಿ ಯಾರದೆಂದು ಗುರುತಿಸಲು ಮೇಜಿನ ಮೇಲಿಡುತ್ತಿದ್ದ ವಸ್ತುವಿನಿಂದ.

ಕಾನೂನೂ ಈ ಬಗೆಗಳ ನಡುವೆ ಭೇದ ಮಾಡಿದ್ದುಂಟು. ಕ್ಯಾಲಿಫೋರ್ನಿಯ 1885ರಲ್ಲಿ ಸ್ಟಡ್ ಪೋಕರನ್ನು ಹೆಸರಿಸಿ ನಿಷೇಧಿಸಿತು. 1911ರಲ್ಲಿ ಅಲ್ಲಿನ ಅಟಾರ್ನಿ ಜನರಲ್, ಡ್ರಾ ಪೋಕರ್ ಕೌಶಲದ ಆಟವಾದ್ದರಿಂದ ಆ ನಿಷೇಧಕ್ಕೆ ಒಳಪಡದು ಎಂದರು. ಹೀಗಾಗಿ 1987ರವರೆಗೆ ಆ ರಾಜ್ಯದ ಆಟದ ಮನೆಗಳಲ್ಲಿ ಡ್ರಾ ಆಟ ಸಕ್ರಮ, ಸ್ಟಡ್ ಅಕ್ರಮ.

ಈ ವೈವಿಧ್ಯಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಕಾನೂನಿನಿಂದಲ್ಲ, ಟೆಲಿವಿಷನ್ನಿನಿಂದ. 1999ರಲ್ಲಿ ಬ್ರಿಟನ್ನಿನ ‘ಲೇಟ್ ನೈಟ್ ಪೋಕರ್’ ಕಾರ್ಯಕ್ರಮ ಮೇಜಿನ ಕೆಳಗಿನ ಕ್ಯಾಮೆರಾದಿಂದ ಆಟಗಾರರ ಗುಟ್ಟಿನ ಎಲೆಗಳನ್ನು ವೀಕ್ಷಕರಿಗೆ ತೋರಿಸಿತು. ಕೈಯಲ್ಲಿ ಎರಡೇ ಎಲೆಯಿರುವ ಹೋಲ್ಡೆಮ್ ಇದಕ್ಕೆ ಹೇಳಿ ಮಾಡಿಸಿದಂತಿತ್ತು. 2003ರಲ್ಲಿ ಟೆನೆಸ್ಸೀಯ ಲೆಕ್ಕಪತ್ರ ನೌಕರ ಕ್ರಿಸ್ ಮನಿಮೇಕರ್ ಇಂಟರ್‌ನೆಟ್‌ನಲ್ಲಿ 86 ಡಾಲರ್ ಕಟ್ಟಿ ಅರ್ಹತೆ ಪಡೆದು, ಲಾಸ್ ವೇಗಾಸ್‌ನ ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಮುಖ್ಯ ಸ್ಪರ್ಧೆಗೆ 839 ಮಂದಿ ಬಂದಿದ್ದರೆ 2006ರಲ್ಲಿ 8,773 ಮಂದಿ ಬಂದರು. ಎಲ್ಲರೂ ಕಲಿತದ್ದು ಅದೊಂದೇ ಆಟ. ಮನೆಯ ಮೇಜುಗಳಲ್ಲಿಯೂ ಅದೇ ರಾಜನಾಯಿತು.

ಹೋಲ್ಡೆಮ್ ಕಳಪೆ ಆಟವೇನಲ್ಲ. ಕಲಿಯಲು ಸುಲಭ. ಹತ್ತು ಜನ ಕೂತರೂ ಆಟಕ್ಕೆ ಬೀಳುವುದು 25 ಎಲೆ ಮಾತ್ರ. ಆದರೆ ಒಂದೇ ಆಟವನ್ನು ಎಲ್ಲರೂ ಆಡುವಾಗ ಅದನ್ನು ಅರೆದು ಕುಡಿದವನೇ ಗೆಲ್ಲುತ್ತಾನೆ. ಇಬ್ಬರೇ ಆಡುವ, ಪಣಕ್ಕೆ ಮಿತಿಯುಳ್ಳ ಹೋಲ್ಡೆಮ್‌ನ ರಹಸ್ಯವನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಕಂಪ್ಯೂಟರ್ 2015ರಲ್ಲಿ ಬಹುಮಟ್ಟಿಗೆ ಬಿಡಿಸಿಯೇಬಿಟ್ಟಿತು. ವಾರವಾರವೂ ಒಬ್ಬನೇ ಗೆಲ್ಲುವ ಮನೆಗೆ ಸೋತವರು ನಾಲ್ಕು ವಾರ ಬಂದಾರು; ಐದನೆಯ ವಾರ ಏನೋ ನೆಪ ಹೇಳಿಯಾರು. ಅಲ್ಲಿ ಮುರಿಯುವುದು ಆಟವಲ್ಲ, ಸ್ನೇಹ. ವೃತ್ತಿಪರರೂ ಒಂದೇ ಆಟದ ಪಾಂಡಿತ್ಯ ಸಾಲದೆಂದು ಒಪ್ಪಿದರು. 2006ರಲ್ಲಿ ವಿಶ್ವ ಸರಣಿಯಲ್ಲಿ ಐದು ಬಗೆಯ ಪೋಕರ್‌ಗಳನ್ನು ಸರದಿಯಾಗಿ ಆಡುವ, 50,000 ಡಾಲರ್ ಪ್ರವೇಶ ಶುಲ್ಕದ ಸ್ಪರ್ಧೆ ಆರಂಭವಾಯಿತು. ಅದರ ಮೊದಲ ವಿಜೇತ ಚಿಪ್ ರೀಸ್.

ಮನೆಯಲ್ಲಿ ಇಂಥ ಸರದಿ ನಡೆಸಲು ಬೇಕಾದ ಎಚ್ಚರಿಕೆಗಳು ಕೆಲವೇ. ಎಲೆ ಹಂಚುವ ಮೊದಲೇ ಆಟದ ಹೆಸರು, ವೈಲ್ಡ್ ಎಲೆ ಯಾವುದು, ಅರ್ಧ ಗಂಟು ಯಾರಿಗೆ ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ನಡುವೆ ನಿಯಮ ಬದಲಿಸಬಾರದು. ತಲೆ ಎಣಿಸಬೇಕು: ಏಳೆಲೆಯ ಸ್ಟಡ್‌ಗೆ ಏಳು ಜನರಿದ್ದರೆ 49 ಎಲೆ ಸಾಕು, ಎಂಟನೆಯವನು ಬಂದರೆ 56 ಬೇಕು, ಕಟ್ಟಿನಲ್ಲಿರುವುದೇ 52. ಎಲ್ಲಕ್ಕಿಂತ ಮುಖ್ಯವಾಗಿ, ಪಣವನ್ನು ಹುಣಿಸೆ ಬೀಜಕ್ಕೋ ಕಡ್ಡಿಗೋ ಸೀಮಿತಗೊಳಿಸಿದರೆ ಮರುದಿನ ಯಾರೂ ಮುಖ ತಪ್ಪಿಸಿಕೊಳ್ಳಬೇಕಾಗುವುದಿಲ್ಲ.

ಶಕುನಿಯ ಮೇಜಿನಲ್ಲಿ ಸರದಿ ಎಂಬುದೇ ಇರಲಿಲ್ಲ. ಸರದಿಯಿರುವಲ್ಲಿ ಅತ್ಯಂತ ದುರ್ಬಲ ಆಟಗಾರನಿಗೂ ರಾತ್ರಿಗೆ ನಾಲ್ಕಾರು ಬಾರಿ, ಈಗ ಎಲ್ಲರೂ ಆಡಬೇಕಾದ್ದು ಇದು ಎಂದು ಹೇಳುವ ಅಧಿಕಾರ ಬರುತ್ತದೆ. ಅವನು ಮುಂದಿನ ವಾರವೂ ಬರಲು ಅಷ್ಟು ಸಾಕು.